ಹ್ಯಾಂಡಿಕ್ಯಾಪ್ ಮುಖ ನೋಡಿ ಕೊಡೋದೋ, ಲೆಕ್ಕ ನೋಡಿ ಕೊಡೋದೋ? ಬಳ್ಳಾರಿ ಪೂಲ್ ಲೀಗ್‌ಗೆ ಸಲಹೆ ಬೇಕು

ಕೌಲ್‌ಬಜಾರ್ ಕ್ಯೂ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಾವು ಹದಿನಾಲ್ಕು ಜನ ಸೇರಿ ಸಣ್ಣದೊಂದು 8-ಬಾಲ್ ಲೀಗ್ ಶುರು ಮಾಡುತ್ತಿದ್ದೇವೆ. ತನ್ನ ಗುಂಪಿನ ಬಾಲ್‌ಗಳನ್ನೆಲ್ಲ ಹಾಕಿ ಕೊನೆಗೆ ಬ್ಲ್ಯಾಕ್ (8ನೇ ಬಾಲ್) ಹಾಕಿದವರು ಗೆಲ್ಲುವ ಪೂಲ್ ಆಟ ಅದು. ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಎರಡು ಟೇಬಲ್ ನಮಗೇ ಬಿಟ್ಟುಕೊಡಲು ಪಾರ್ಲರ್‌ನವರು ಒಪ್ಪಿದ್ದಾರೆ. ಜೀನ್ಸ್ ಹೊಲಿಯುವ ಯೂನಿಟ್‌ನ ಇಬ್ಬರು, ಮೆಡಿಕಲ್ ಓದುವ ಹುಡುಗರು, ಒಬ್ಬ ಬ್ಯಾಂಕ್ ಉದ್ಯೋಗಿ, ಸೀರೆ ಅಂಗಡಿ ಅಣ್ಣ, ಹೀಗೆ ಎಲ್ಲ ತರಹದವರು ಇದ್ದೇವೆ. ಆಟವೂ ಹಾಗೇ. ಒಬ್ಬರಿಗೆ ಇಪ್ಪತ್ತು ವರ್ಷದ ಕೈ, ಇನ್ನೊಬ್ಬರಿಗೆ ಕ್ಯೂ ಹಿಡಿದು ಮೂರು ತಿಂಗಳು.

ನನ್ನ ಚಿಂತೆ ಹ್ಯಾಂಡಿಕ್ಯಾಪ್‌ದು, ಅಂದರೆ ಮ್ಯಾಚ್ ಸಮ ಆಗಲಿ ಎಂದು ಕಡಿಮೆ ಆಡುವವರಿಗೆ ಮೊದಲೇ ಬಿಟ್ಟುಕೊಡುವುದು. ಹೋದ ವರ್ಷ ಬೇರೊಂದು ಕಡೆ ಟೂರ್ನಮೆಂಟ್ ಆಡಿದ್ದೆ. ನಡೆಸುವವರು ಪ್ರತಿಯೊಬ್ಬರ ಮುಖ ನೋಡಿ "ನೀನು 5 ಫ್ರೇಮ್ ಗೆಲ್ಲಬೇಕು, ನೀನು 3 ಗೆದ್ದರೆ ಸಾಕು" ಎಂದು ಚೀಟಿ ಬರೆದರು. (ಫ್ರೇಮ್ ಅಂದರೆ ಮ್ಯಾಚ್‌ನೊಳಗಿನ ಒಂದೊಂದು ಆಟ.) ಒಬ್ಬ ಹುಡುಗ "ನಾನು ಆಡೋಕೆ ಶುರು ಮಾಡಿ ಆರೇ ತಿಂಗಳು" ಅಂದ. ಅವನಿಗೆ 3. ಮೊದಲೆರಡು ಮ್ಯಾಚ್‌ನಲ್ಲಿ ಪಾಕೆಟ್ ಬಾಯಲ್ಲಿ ಕೂತಿದ್ದ ಬಾಲ್‌ಗಳನ್ನೂ ಬಿಟ್ಟು, ಹೇಗೋ ಕಷ್ಟಪಟ್ಟು ಗೆದ್ದ ಹಾಗೆ ಗೆದ್ದ. ಸೆಮಿಫೈನಲ್‌ನಲ್ಲಿ ನನ್ನ ಎದುರು ನಿಂತ. 2-2 ಆಗಿತ್ತು. ಅವನ ಐದು ಬಾಲ್ ಟೇಬಲ್ ಮೇಲಿದ್ದವು, ಅದರಲ್ಲಿ ಒಂದು ಕುಶನ್‌ಗೆ ಅಂಟಿಕೊಂಡಿತ್ತು. ಚಾಕ್ ಹಚ್ಚಿದ, ಬಗ್ಗಿದ, ಐದನ್ನೂ ಒಂದೇ ಸಲಕ್ಕೆ ಹಾಕಿದ. ಕೊನೆಯ ಬಾಲ್ ಹಾಕುವಾಗ ವೈಟ್ ಅನ್ನು ಟೇಬಲ್‌ನ ಈ ತುದಿಯಿಂದ ಆ ತುದಿಗೆ ಹಿಂದಕ್ಕೆ ಎಳೆದು, ಬ್ಲ್ಯಾಕ್ ಎದುರಿಗೆ ತಂದು ನಿಲ್ಲಿಸಿದ. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಅದು ಆರು ತಿಂಗಳ ಕೈ ಅಲ್ಲ.

ಸೋತಿದ್ದಕ್ಕೆ ಬೇಜಾರಿಲ್ಲ. ಅವತ್ತು ನಮ್ಮ ಜೊತೆ ಬಂದಿದ್ದ ಇಬ್ಬರು ಹೊಸಬರು ಆಮೇಲೆ ಆಟಕ್ಕೇ ಬರಲಿಲ್ಲ, ಬೇಜಾರು ಅದಕ್ಕೆ. ನಮ್ಮ ಲೀಗ್‌ನಲ್ಲಿ ಹಾಗಾಗಬಾರದು. ಬೇರೆ ಕಡೆ ಹೇಗೆ ಮಾಡುತ್ತಾರೆ, ನಾವು ಹೇಗೆ ಮಾಡಬಹುದು, ಗೊತ್ತಿರುವವರು ಹೇಳಿ.

ಹಳೇ ಸ್ನೂಕರ್

ತಮ್ಮಾ, ಒಳ್ಳೆ ಕೆಲಸ. ನಮ್ಮ ಕಾಲದಲ್ಲಿ ಸ್ನೂಕರ್, ಬಿಲಿಯರ್ಡ್ಸ್‌ಗೆ ಪಾಯಿಂಟ್ ಬಿಟ್ಟುಕೊಡುವ ಪದ್ಧತಿ ಇತ್ತು. ಜೋರಾಗಿ ಆಡುವವನು ಎದುರಿನವನಿಗೆ ಇಪ್ಪತ್ತೋ ಮೂವತ್ತೋ ಪಾಯಿಂಟ್ ಮೊದಲೇ ಕೊಟ್ಟು ಫ್ರೇಮ್ ಶುರು ಮಾಡುತ್ತಿದ್ದ. ಎಷ್ಟು ಕೊಡಬೇಕು ಅಂತ ಹೇಳುತ್ತಿದ್ದವನು ಮಾರ್ಕರ್, ಅಂದರೆ ಸ್ಕೋರ್ ಬರೆಯುವವನು. ದಿನವಿಡೀ ಟೇಬಲ್ ಪಕ್ಕ ನಿಂತು ಎಲ್ಲರ ಆಟ ನೋಡಿದವನು ಅವನೇ ಅಲ್ವಾ? ಅವನ ಮಾತು ಸಾಮಾನ್ಯವಾಗಿ ಸುಳ್ಳಾಗುತ್ತಿರಲಿಲ್ಲ.

ಆದರೆ ಅದು ಪೂಲ್‌ಗೆ ಹೊಂದುವುದಿಲ್ಲ. ಸ್ನೂಕರ್‌ನಲ್ಲಿ ಪಾಯಿಂಟ್ ಕೂಡುತ್ತಾ ಹೋಗುತ್ತದೆ. 8-ಬಾಲ್‌ನಲ್ಲಿ ಕೊನೆಗೆ ಬ್ಲ್ಯಾಕ್ ಯಾರು ಹಾಕಿದರು ಅನ್ನುವುದಷ್ಟೇ ಲೆಕ್ಕ. ಪಾಯಿಂಟ್ ಎಲ್ಲಿಂದ ಕೊಡುತ್ತೀರಿ? 9ನೇ ಬಾಲ್ ಹಾಕಿದವರು ಗೆಲ್ಲುವ 9-ಬಾಲ್ ಆಟದಲ್ಲಾದರೆ "ನೀನು 8 ಹಾಕಿದರೂ ಗೆದ್ದಂತೆ" ಎಂದು ಒಂದು ಬಾಲ್ ಬಿಟ್ಟುಕೊಡಬಹುದು. 8-ಬಾಲ್‌ಗೆ ರೇಸ್, ಅಂದರೆ ಮ್ಯಾಚ್ ಗೆಲ್ಲಲು ಬೇಕಾದ ಫ್ರೇಮ್ ಲೆಕ್ಕ, ಉದ್ದ ಗಿಡ್ಡ ಮಾಡುವುದೇ ದಾರಿ.

ತೋರಣಗಲ್ಲು ನೈಟ್ ಶಿಫ್ಟ್

ನಮ್ಮ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿ ಎಪಿಎ (ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್) ಲೀಗ್ ಆಡುತ್ತಾನೆ. ಅದು 1979ರಲ್ಲಿ ಶುರುವಾದ ಹವ್ಯಾಸಿಗಳ ಲೀಗ್, ತುಂಬಾ ದೊಡ್ಡದು. ಅವರ ಪದ್ಧತಿ ಹೀಗೆ.

8-ಬಾಲ್‌ನಲ್ಲಿ ಪ್ರತಿ ಆಟಗಾರನಿಗೆ 2ರಿಂದ 7ರವರೆಗೆ ಒಂದು ಸ್ಕಿಲ್ ಲೆವೆಲ್. ಇಬ್ಬರ ಲೆವೆಲ್ ನೋಡಿ ರೇಸ್ ನಿಗದಿ. 4ನೇ ಲೆವೆಲ್‌ನ ಇಬ್ಬರು ಆಡಿದರೆ ಯಾರು ಮೊದಲು 3 ಗೆಲ್ಲುತ್ತಾರೋ ಅವರದ್ದು ಮ್ಯಾಚ್. 7ನೇ ಲೆವೆಲ್‌ನವನು 4ನೇ ಲೆವೆಲ್‌ನವನ ಎದುರು ಆಡಿದರೆ ಇವನಿಗೆ 5, ಅವನಿಗೆ 2. 7ಕ್ಕೆ 2 ಎದುರಾದರೆ ಇವನು 7 ಗೆಲ್ಲುವಷ್ಟರಲ್ಲಿ ಅವನು 2 ಗೆದ್ದರೆ ಸಾಕು. 9-ಬಾಲ್‌ನಲ್ಲಿ ಬೇರೆ. ಅಲ್ಲಿ ಲೆವೆಲ್ 1ರಿಂದ 9. ಪ್ರತಿ ಬಾಲ್‌ಗೆ 1 ಪಾಯಿಂಟ್, 9ನೇ ಬಾಲ್‌ಗೆ 2. ಲೆವೆಲ್ 1ರವನಿಗೆ 14 ಪಾಯಿಂಟ್ ಆದರೆ ಮ್ಯಾಚ್, ಲೆವೆಲ್ 9ರವನಿಗೆ 75 ಬೇಕು.

ಲೆವೆಲ್ ಹೇಗೆ ಬರುತ್ತದೆ ಅನ್ನುವುದೇ ಮುಖ್ಯ. ಅವರು ಬರೀ ಗೆಲುವು ಸೋಲು ನೋಡುವುದಿಲ್ಲ, ಇನ್ನಿಂಗ್ಸ್ ಎಣಿಸುತ್ತಾರೆ. ಇಬ್ಬರೂ ಒಂದೊಂದು ಸರದಿ ಆಡಿ ಮುಗಿಸಿದರೆ ಒಂದು ಇನ್ನಿಂಗ್ಸ್. ಒಂದು ಫ್ರೇಮ್ ಗೆಲ್ಲಲು ಒಬ್ಬ ಮೂರು ಇನ್ನಿಂಗ್ಸ್ ತಗೊಂಡ, ಇನ್ನೊಬ್ಬ ಒಂಬತ್ತು ತಗೊಂಡ ಅಂದರೆ ಇಬ್ಬರದೂ ಒಂದೇ ಆಟ ಅಲ್ಲ ಅಲ್ವಾ? ಬೇಕಂತಲೇ ಸೇಫ್ಟಿ (ಬಾಲ್ ಹಾಕದೆ ಎದುರಿನವನಿಗೆ ಶಾಟ್ ಸಿಗದ ಹಾಗೆ ವೈಟ್ ನಿಲ್ಲಿಸುವುದು) ಆಡಿದ್ದನ್ನು ಬೇರೆ ಗುರುತು ಹಾಕಿ ಇನ್ನಿಂಗ್ಸ್‌ನಿಂದ ಕಳೆಯುತ್ತಾರೆ. ಆಮೇಲೆ ಕೊನೆಯ 20 ಮ್ಯಾಚ್‌ಗಳಲ್ಲಿ ಚೆನ್ನಾಗಿ ಆಡಿದ 10ನ್ನು ಮಾತ್ರ ಹಿಡಿಯುತ್ತಾರೆ. ನಿಮ್ಮ ಸೆಮಿಫೈನಲ್ ಹುಡುಗನಂಥವರಿಗೆ ಮದ್ದು ಅದೇ. ಬೇಕಂತಲೇ ಕೆಟ್ಟದಾಗಿ ಆಡಿದ ಮ್ಯಾಚ್ ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ ಸೂತ್ರವನ್ನು ಮಾತ್ರ ಅವರು ಹೊರಗೆ ಬಿಟ್ಟುಕೊಡುವುದಿಲ್ಲ.

ಇನ್ನೊಂದು, ತಂಡದ ನಿಯಮ. ಒಂದು ರಾತ್ರಿ ಐವರು ಆಡಿದರೆ ಅವರ ಲೆವೆಲ್ ಕೂಡಿದರೆ 23 ದಾಟಬಾರದು. 7, 6, 4, 3, 3 ಆದರೆ ಸರಿಯಾಗಿ 23. ಬರೀ ಜೋರಾಗಿ ಆಡುವವರನ್ನು ಕೂಡಿಸಿಕೊಂಡು ತಂಡ ಕಟ್ಟಲು ಆಗುವುದಿಲ್ಲ. ಹೊಸಬರು ಬೇಕೇ ಬೇಕು.

ಸಿಂಧನೂರು ಬ್ರೇಕ್

ಇಷ್ಟೆಲ್ಲ ಯಾಕೆ ಅಣ್ಣಾ? ಚೆನ್ನಾಗಿ ಆಡುವವರು ಗೆಲ್ಲಲಿ. ಓಟದಲ್ಲಿ ನಿಧಾನ ಓಡುವವನಿಗೆ ಮುಂದೆ ನಿಲ್ಲಲು ಬಿಡುತ್ತಾರಾ? ನಾನು ಎಂಟು ವರ್ಷ ದುಡ್ಡು ಸುರಿದು ಕಲಿತಿದ್ದೇನೆ. ಆ 23ರ ನಿಯಮ ನೋಡಿ, ತಂಡದ ಎಲ್ಲರೂ ಕಷ್ಟಪಟ್ಟು ಮೇಲೆ ಬಂದರೆ ತಂಡವನ್ನೇ ಒಡೆಯಬೇಕು. ಕಲಿತದ್ದಕ್ಕೆ ಶಿಕ್ಷೆ ಕೊಟ್ಟ ಹಾಗೆ ಆಯಿತು.

ಲೆಕ್ಕದ ಮೇಷ್ಟ್ರು

ಸಿಂಧನೂರಿನವರ ಮಾತಿನಲ್ಲಿ ಅರ್ಧ ನಿಜ ಇದೆ. ಅದಕ್ಕೆ ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳೋಣ. ರೇಟಿಂಗ್ ಬೇರೆ, ಹ್ಯಾಂಡಿಕ್ಯಾಪ್ ಬೇರೆ. ರೇಟಿಂಗ್ ಅಂದರೆ ಅಳತೆ. ನಿಮ್ಮ ಆಟ ಎಷ್ಟು ಅಂತ ಹೇಳುವ ಒಂದು ಸಂಖ್ಯೆ, ಅಷ್ಟೆ. ಆ ಅಳತೆ ಇಟ್ಟುಕೊಂಡು ಮ್ಯಾಚ್ ಎಷ್ಟು ಸಮ ಮಾಡಬೇಕು ಅನ್ನುವುದು ಹ್ಯಾಂಡಿಕ್ಯಾಪ್. ಅಳತೆ ಸರಿ ಇದ್ದರೆ ಹ್ಯಾಂಡಿಕ್ಯಾಪ್ ಎಷ್ಟಾದರೂ ಇಡಬಹುದು, ಇಡದೆಯೂ ಇರಬಹುದು. ಅಳತೆಯೇ ಇಲ್ಲದೆ ಹ್ಯಾಂಡಿಕ್ಯಾಪ್ ಕೊಟ್ಟರೆ ಹೋದ ವರ್ಷ ಆದದ್ದೇ ಆಗುತ್ತದೆ.

ಅಳತೆಗೆ ಒಳ್ಳೆ ಮಾದರಿ ಚೆಸ್‌ನದು. ಆರ್ಪಾಡ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಮಾಡಿದ ಪದ್ಧತಿಯನ್ನು 1970ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಒಪ್ಪಿಕೊಂಡಿತು. ಪೂಲ್‌ನಲ್ಲಿ ಅದೇ ದಾರಿಯಲ್ಲಿ ಇರುವುದು ಫಾರ್ಗೋರೇಟ್. ಅಲ್ಲಿ ಇನ್ನಿಂಗ್ಸ್ ಇಲ್ಲ, ಸೇಫ್ಟಿ ಲೆಕ್ಕ ಇಲ್ಲ. ಯಾರ ಎದುರು ಎಷ್ಟು ಫ್ರೇಮ್ ಗೆದ್ದೆ, ಎಷ್ಟು ಸೋತೆ, ಅಷ್ಟೇ. ಇಬ್ಬರ ನಡುವೆ 100 ಪಾಯಿಂಟ್ ಅಂತರ ಇದ್ದರೆ ಮೇಲಿನವನು ಎರಡು ಗೆದ್ದಾಗ ಕೆಳಗಿನವನು ಒಂದು ಗೆಲ್ಲುತ್ತಾನೆ. 200 ಅಂತರ ಆದರೆ ನಾಲ್ಕಕ್ಕೆ ಒಂದು. 300ಕ್ಕೆ ಎಂಟಕ್ಕೆ ಒಂದು. ಜಗತ್ತಿನ ದೊಡ್ಡ ಆಟಗಾರರು 800ರ ಮೇಲೆ ಇದ್ದಾರೆ. ಒಬ್ಬರ 200 ಫ್ರೇಮ್ ದಾಖಲಾಗುವವರೆಗೂ ಆ ರೇಟಿಂಗ್ ಅನ್ನು ಗಟ್ಟಿ ಎಂದು ಅವರು ಒಪ್ಪುವುದಿಲ್ಲ.

ಈಗ ನಾನೇ ಕೂತು ಹಾಕಿದ ಲೆಕ್ಕ ಹೇಳುತ್ತೇನೆ. ಅಂತರ 100, ಅಂದರೆ ಪ್ರತಿ ಫ್ರೇಮ್‌ನಲ್ಲಿ ಕೆಳಗಿನವನಿಗೆ ಮೂರರಲ್ಲಿ ಒಂದು ಅವಕಾಶ. ಒಂದೇ ಫ್ರೇಮ್ ಆಡಿದರೆ ನೂರಕ್ಕೆ 33 ಸಲ ಅವನು ಗೆಲ್ಲುತ್ತಾನೆ. ಇಬ್ಬರಿಗೂ 3ರ ರೇಸ್ ಇಟ್ಟರೆ 21ಕ್ಕೆ ಇಳಿಯುತ್ತದೆ. 5ರ ರೇಸ್ ಇಟ್ಟರೆ 14. ರೇಸ್ ಉದ್ದ ಆದಷ್ಟೂ ಜೋರಿನವನ ಕಡೆಗೇ ವಾಲುತ್ತದೆ. "5ರ ರೇಸ್ ಇಡೋಣ, ಹೊಸಬರಿಗೂ ಟೈಮ್ ಸಿಗುತ್ತದೆ" ಎಂದು ಕೆಲವರು ಪ್ರೀತಿಯಿಂದಲೇ ಹೇಳುತ್ತಾರೆ. ಅದು ಹೊಸಬರಿಗೆ ಇನ್ನೂ ಕಷ್ಟ.

ಅದೇ ಜೋಡಿಗೆ 5-3 ಇಡಿ. ಮೇಲಿನವನಿಗೆ 5, ಕೆಳಗಿನವನಿಗೆ 3. ಕೆಳಗಿನವನ ಅವಕಾಶ ನೂರಕ್ಕೆ 43 ಆಗುತ್ತದೆ. ಅಂತರ 50 ಇದ್ದರೆ 5-4 ಇಡಿ, 44 ಬರುತ್ತದೆ. ಅಂತರ 200 ಇದ್ದರೆ 6-2, 42 ಬರುತ್ತದೆ. ಆ 200ಕ್ಕೇ 7-2 ಇಟ್ಟರೆ ಹೆಚ್ಚು ಕಡಿಮೆ ಸರಿಯಾಗಿ ಅರ್ಧ ಅರ್ಧ.

ಸಿಂಧನೂರಿನವರಿಗೆ ನನ್ನ ಉತ್ತರ ಇದೇ. ಪೂರ್ತಿ ಐವತ್ತಕ್ಕೆ ತರಬೇಡಿ. 42, 43ರಲ್ಲಿ ನಿಲ್ಲಿಸಿ. ಆಗ ಎಂಟು ವರ್ಷ ಕಲಿತವರಿಗೆ ಆ ಎಂಟು ವರ್ಷದ ಬೆಲೆ ಉಳಿಯುತ್ತದೆ. ಹೊಸಬ ಕೂಡ ಟೇಬಲ್ ಹತ್ತಿರ ಬರುವಾಗ ಸೋತೇ ಬಂದಿರುವುದಿಲ್ಲ.

ಗಂಗಾವತಿ ಅಕ್ಕ

ಮೇಷ್ಟ್ರೇ, ಇದನ್ನು ಓದಿ ಸಮಾಧಾನ ಆಯಿತು. ನಾನು ನಾಲ್ಕು ವರ್ಷದಿಂದ ಆಡುತ್ತಿದ್ದೇನೆ. ಪ್ರತಿ ಸಲ ಹೊಸ ಜಾಗಕ್ಕೆ ಹೋದಾಗ ಕೇಳದೆಯೇ ಎರಡು ಫ್ರೇಮ್ ಬಿಟ್ಟುಕೊಡುತ್ತಾರೆ. "ಮೇಡಂ ನಿಮಗೆ 3 ಸಾಕು." ನನ್ನ ಒಂದು ಶಾಟ್ ಕೂಡ ನೋಡಿರುವುದಿಲ್ಲ. ಗೆದ್ದರೆ "ಬಿಟ್ಟುಕೊಟ್ಟಿದ್ದಕ್ಕೆ ಗೆದ್ದಳು" ಅನ್ನುತ್ತಾರೆ. ಬಳ್ಳಾರಿಯವರೇ, ದಯವಿಟ್ಟು ನಿಮ್ಮ ಲೀಗ್‌ನಲ್ಲಿ ಹೆಣ್ಣು ಅಂತ ನೋಡಿ ಒಂದು ಪಾಯಿಂಟ್ ಕೂಡ ಕೊಡಬೇಡಿ. ನನ್ನ ಆಟ 350 ಅಂತ ಪುಸ್ತಕ ಹೇಳಿದರೆ 350. 450 ಅಂತ ಹೇಳಿದರೆ ನಾನೇ ಎದುರಿನವರಿಗೆ ಫ್ರೇಮ್ ಬಿಟ್ಟುಕೊಡುತ್ತೇನೆ, ಖುಷಿಯಿಂದ.

ಕೌಲ್‌ಬಜಾರ್ ಕ್ಯೂ

ಅಕ್ಕಾ, ಮಾತು ಕೊಟ್ಟೆ. ಲೆಕ್ಕ ಬಿಟ್ಟು ಬೇರೆ ಏನೂ ಇಲ್ಲ. ನೀವೂ ಒಂದು ಭಾನುವಾರ ಬನ್ನಿ.

ಮೇಷ್ಟ್ರೇ, ನಿನ್ನೆ ರಾತ್ರಿ ಪೂರ್ತಿ ಇದೇ ತಲೆಯಲ್ಲಿ ಓಡುತ್ತಿತ್ತು. ಇನ್ನಿಂಗ್ಸ್ ಎಣಿಸುವುದೋ, ಬರೀ ಫ್ರೇಮ್ ಎಣಿಸುವುದೋ? ಬೆಳಿಗ್ಗೆ ಪಾರ್ಲರ್‌ಗೆ ಹೋಗಿ ಎರಡೂ ಟೇಬಲ್ ಮೇಲೆ ವೈಟ್ ಇಟ್ಟು ಮೆಲ್ಲಗೆ ಉರುಳಿಸಿ ನೋಡಿದೆ. ಕಿಟಕಿ ಪಕ್ಕದ ಟೇಬಲ್‌ನಲ್ಲಿ ಬಾಲ್ ನೇರ ಹೋಗಿ ಕೊನೆಯ ಒಂದು ಅಡಿಯಲ್ಲಿ ಎಡಕ್ಕೆ ತಿರುಗುತ್ತದೆ. ಬಟ್ಟೆ ಹಳೆಯದು. ನಮ್ಮೂರ ಧೂಳು ನಿಮಗೆಲ್ಲ ಗೊತ್ತೇ ಇದೆ. ಬ್ರಶ್ ಹೊಡೆದ ಒಂದು ಗಂಟೆಗೆ ಬಾಲ್ ಮೇಲೆ ಬೆರಳಿಟ್ಟರೆ ಕೆಂಪು ಪುಡಿ ಸಿಗುತ್ತದೆ. ಒಳಗಿನ ಟೇಬಲ್ ಮಾತ್ರ ಚೆನ್ನಾಗಿದೆ. ಒಬ್ಬನೇ ಮನುಷ್ಯ ಒಳಗಿನ ಟೇಬಲ್‌ನಲ್ಲಿ ನಾಲ್ಕು ಇನ್ನಿಂಗ್ಸ್‌ನಲ್ಲಿ ಮುಗಿಸುವ ಫ್ರೇಮ್ ಕಿಟಕಿ ಪಕ್ಕ ಏಳು ತಗೊಳ್ಳುತ್ತದೆ. ಇನ್ನಿಂಗ್ಸ್ ಎಣಿಸಿದರೆ ನಾವು ಅಳೆಯುವುದು ಆಟಗಾರನನ್ನೋ, ಟೇಬಲ್ಲನ್ನೋ?

ಫ್ರೇಮ್ ಎಣಿಸಿದರೆ ಆ ತೊಂದರೆ ಇಲ್ಲ. ಟೇಬಲ್ ಕೆಟ್ಟದಾದರೆ ಇಬ್ಬರಿಗೂ ಕೆಟ್ಟದೇ. ಹಾಗಾಗಿ ನಮ್ಮಂಥ ಊರಿಗೆ ಫ್ರೇಮ್ ಲೆಕ್ಕವೇ ಸರಿ ಅನ್ನಿಸುತ್ತಿದೆ. ಆದರೆ ಪ್ರತಿ ವಾರ ರೇಟಿಂಗ್ ಬದಲಿಸುವ ಲೆಕ್ಕ ನಮಗೆ ಬರುತ್ತದಾ? ಕಂಪ್ಯೂಟರ್ ಇಲ್ಲದೆ ನೋಟ್‌ಬುಕ್‌ನಲ್ಲೇ ಮಾಡುವ ಹಾಗಿದ್ದರೆ ಹೇಳಿ.

ಲೆಕ್ಕದ ಮೇಷ್ಟ್ರು

ಟೇಬಲ್ ಬಗ್ಗೆ ನೀವು ಹೇಳಿದ್ದು ನನಗೆ ಹೊಳೆದಿರಲಿಲ್ಲ. ತುಂಬಾ ಸರಿ.

ನೋಟ್‌ಬುಕ್ ಸಾಕು. ಫಾರ್ಗೋ ಪದ್ಧತಿ ಎಲ್ಲರ ಎಲ್ಲ ಆಟವನ್ನೂ ಒಟ್ಟಿಗೆ ಲೆಕ್ಕಕ್ಕೆ ಹಾಕುತ್ತದೆ, ಅದು ಕೈಯಲ್ಲಿ ಆಗುವುದಿಲ್ಲ. ಎಲೋ ಪದ್ಧತಿಯನ್ನು ಅದೇ ಅಳತೆಗೆ ಹೊಂದಿಸಿ ಸುಲಭ ಮಾಡಿದ್ದೇನೆ. ಪ್ರತಿ ಫ್ರೇಮ್‌ಗೆ 12 ಪಾಯಿಂಟ್ ಪಣಕ್ಕಿದೆ ಅಂದುಕೊಳ್ಳಿ. ಇಬ್ಬರೂ ಸಮ ಇದ್ದರೆ ಗೆದ್ದವನಿಗೆ 6 ಕೂಡಿಸಿ, ಸೋತವನಿಗೆ 6 ಕಳೆಯಿರಿ. ಅಂತರ 50ರ ಹತ್ತಿರ ಇದ್ದರೆ ಮೇಲಿನವನು ಗೆದ್ದಾಗ 5, ಕೆಳಗಿನವನು ಗೆದ್ದಾಗ 7. ಅಂತರ 100 ಇದ್ದರೆ 4 ಮತ್ತು 8. 200 ಇದ್ದರೆ 2 ಮತ್ತು 10. ಕೊನೆಯದನ್ನು ದುಂಡಗೆ ಮಾಡಿದ್ದೇನೆ, ಸ್ವಲ್ಪ ವ್ಯತ್ಯಾಸ ಬರುತ್ತದೆ, ನಡೆಯುತ್ತದೆ.

ಇದು ಯಾಕೆ ಸರಿ ಕೂರುತ್ತದೆ ನೋಡಿ. ಅಂತರ 100, ಮೂರು ಫ್ರೇಮ್ ಆಡಿದರು. ಲೆಕ್ಕದ ಪ್ರಕಾರ ಮೇಲಿನವನು ಎರಡು ಗೆದ್ದ, 4 ಮತ್ತು 4 ಸಿಕ್ಕಿತು. ಕೆಳಗಿನವನು ಒಂದು ಗೆದ್ದ, 8 ಸಿಕ್ಕಿತು. ಇಬ್ಬರ ರೇಟಿಂಗೂ ಇದ್ದಲ್ಲೇ ಇದೆ. ಅಂದರೆ ಅಳತೆ ಸರಿ ಇತ್ತು ಅಂತ. ಕೆಳಗಿನವನು ಎರಡು ಗೆದ್ದುಬಿಟ್ಟರೆ 16 ಸಿಕ್ಕಿ 4 ಹೋಗುತ್ತದೆ, 12 ಮೇಲೆ ಬಂದ. ಪುಸ್ತಕವೇ ತನ್ನ ತಪ್ಪನ್ನು ತಿದ್ದಿಕೊಳ್ಳುತ್ತಾ ಹೋಗುತ್ತದೆ.

ಶುರುವಿಗೆ ಮೂರು ಗುಂಪು ಮಾಡಿ. 500, 400, 300. ಆ ಮೊದಲ ಸಲಕ್ಕೆ ಮಾತ್ರ ಮುಖ ನೋಡಬೇಕಾಗುತ್ತದೆ, ಬೇರೆ ದಾರಿ ಇಲ್ಲ.

ತೋರಣಗಲ್ಲು ನೈಟ್ ಶಿಫ್ಟ್

ಬೇಕಂತಲೇ ಸೋಲುವವರನ್ನು ಏನು ಮಾಡುತ್ತೀರಿ? ಇದಕ್ಕೆ ಅಲ್ಲಿನವರು ಸ್ಯಾಂಡ್‌ಬ್ಯಾಗಿಂಗ್ ಅನ್ನುತ್ತಾರೆ. ಫ್ರೇಮ್ ಲೆಕ್ಕದಲ್ಲೂ ಅದು ಆಗಬಹುದು. ಎಂಟು ವಾರ ಸುಮ್ನೆ ಸೋತು, ಫೈನಲ್‌ಗೆ ಕಡಿಮೆ ರೇಟಿಂಗ್ ಇಟ್ಟುಕೊಂಡು ಬಂದರೆ?

ಹಳೇ ಸ್ನೂಕರ್

ಮಾರ್ಕರ್‌ನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ ಅಂತ ನಾವು ಅನ್ನುತ್ತಿದ್ದೆವು. ಬಾಲ್ ತಪ್ಪಿದ್ದನ್ನು ನೋಡಬೇಡಿ, ವೈಟ್ ಎಲ್ಲಿ ನಿಂತಿತು ನೋಡಿ. ಆಟ ಬಾರದವನು ಬಾಲ್ ತಪ್ಪಿಸಿದಾಗ ವೈಟ್ ಎಲ್ಲೆಲ್ಲೋ ಹೋಗಿ ನಿಲ್ಲುತ್ತದೆ. ಬೇಕಂತಲೇ ತಪ್ಪಿಸಿದವನ ವೈಟ್ ಮಾತ್ರ ಎದುರಿನವನಿಗೆ ಏನೂ ಸಿಗದ ಜಾಗದಲ್ಲಿ ಹೋಗಿ ಕೂತಿರುತ್ತದೆ. ಒಂದು ಸಲ ಹಾಗಾದರೆ ಅದೃಷ್ಟ. ಬೆಳಿಗ್ಗೆಯಿಂದ ಐದು ಸಲ ಆದರೆ ಅದು ಕಲಿತ ಕೈ.

ಲೆಕ್ಕದ ಮೇಷ್ಟ್ರು

ಹಿರಿಯರು ಹೇಳಿದ ಕಣ್ಣು ಬೇಕು. ಜೊತೆಗೆ ಒಂದು ಸಣ್ಣ ನಿಯಮ ಇಡಿ. ಫೈನಲ್‌ಗೆ ಅವತ್ತಿನ ರೇಟಿಂಗ್ ಹಿಡಿಯಬೇಡಿ, ಆ ಸೀಸನ್‌ನಲ್ಲಿ ಅವನು ಮುಟ್ಟಿದ ಅತಿ ಮೇಲಿನ ರೇಟಿಂಗ್ ಹಿಡಿಯಿರಿ. ಮೇಲೆ ಹೋಗಿ ಬೇಕಂತಲೇ ಇಳಿದವನಿಗೆ ಏನೂ ಸಿಗುವುದಿಲ್ಲ. ಮೊದಲ ದಿನದಿಂದಲೇ ಸೋಲುತ್ತಾ ಬಂದವನು ಲೀಗ್ ಪಟ್ಟಿಯಲ್ಲಿ ಕೆಳಗೆ ಬಿದ್ದು ಫೈನಲ್‌ಗೇ ಬರುವುದಿಲ್ಲ.

ಸಿಂಧನೂರು ಬ್ರೇಕ್

ನಾನು ಮೊದಲು ಸ್ವಲ್ಪ ಖಾರವಾಗಿ ಬರೆದೆ. 43ರ ಲೆಕ್ಕ ನನಗೆ ಒಪ್ಪಿಗೆ. ಈಗ ಒಂದು ಪ್ರಶ್ನೆ. ನಾನು ಸಿಂಧನೂರಿನಲ್ಲಿ ನಮ್ಮ ಹುಡುಗರ ಜೊತೆ ಇದೇ ಪುಸ್ತಕ ಶುರು ಮಾಡಿದರೆ, ನಮ್ಮ 500, ಬಳ್ಳಾರಿಯ 500 ಎರಡೂ ಒಂದೇನಾ?

ಲೆಕ್ಕದ ಮೇಷ್ಟ್ರು

ಒಂದೇ ಅಲ್ಲ. ನೀವು ನಿಮ್ಮೊಳಗೇ ಆಡಿದರೆ ನಿಮ್ಮ ಪಾಯಿಂಟ್ ನಿಮ್ಮೊಳಗೇ ಸುತ್ತುತ್ತದೆ, ಅವರದ್ದು ಅವರೊಳಗೆ. ಎರಡು ಕೆರೆ ಇದ್ದ ಹಾಗೆ. ನಡುವೆ ಕಾಲುವೆ ಇಲ್ಲದಿದ್ದರೆ ನೀರಿನ ಮಟ್ಟ ಒಂದಾಗುವುದಿಲ್ಲ. ಆ ಕಾಲುವೆ ಅಂದರೆ ಎರಡೂ ಊರಲ್ಲಿ ಆಡುವ ಜನ. ನಿಮ್ಮಿಂದ ಮೂರ್ನಾಲ್ಕು ಜನ ಬಳ್ಳಾರಿಗೆ ಬಂದು ಆಡಿ, ಅವರು ನಿಮ್ಮಲ್ಲಿಗೆ ಬಂದು ಆಡಿದರೆ ಎರಡು ಪುಸ್ತಕವೂ ನಿಧಾನಕ್ಕೆ ಹೊಂದುತ್ತವೆ. ದೊಡ್ಡ ಪದ್ಧತಿಗಳಲ್ಲೂ ದೂರದ ಊರುಗಳನ್ನು ಹೊಂದಿಸುವುದು ಅಲ್ಲಿ ಇಲ್ಲಿ ಓಡಾಡಿ ಆಡುವ ಆಟಗಾರರೇ.

ಸಿಂಧನೂರು ಬ್ರೇಕ್

ಹಾಗಾದರೆ ಮುಂದಿನ ತಿಂಗಳು ನಾನು ಮತ್ತು ಇನ್ನಿಬ್ಬರು ಬರುತ್ತೇವೆ. ಬಸ್ ಟೈಮ್ ನೋಡಿ ತಿಳಿಸುತ್ತೇನೆ.

ಕೌಲ್‌ಬಜಾರ್ ಕ್ಯೂ

ಮೂರು ವಾರ ಆಯಿತು, ವರದಿ ಕೊಡುತ್ತೇನೆ.

ಉದ್ದದ ಲೆಕ್ಕದ ಪುಸ್ತಕ ತಂದೆವು, ಕಿರಾಣಿ ಅಂಗಡಿಯಲ್ಲಿ ಇರುತ್ತದಲ್ಲ, ಅಂಥದ್ದು. ಎಡಗಡೆ ಇಬ್ಬರ ಹೆಸರು, ಪಕ್ಕದಲ್ಲಿ ಶುರುವಿನ ರೇಟಿಂಗ್, ಆಮೇಲೆ ಪ್ರತಿ ಫ್ರೇಮ್‌ಗೆ ಒಂದು ಗೀಟು. ಮ್ಯಾಚ್ ಮುಗಿದ ಮೇಲೆ ಇಬ್ಬರೂ ಸಹಿ ಹಾಕಬೇಕು. ಮೊದಲ ವಾರ ಬರೆಯುವುದನ್ನು ಎರಡು ಸಲ ಮರೆತೆವು. ಎರಡನೇ ವಾರದಿಂದ ಪಾರ್ಲರ್‌ನ ಮಾರ್ಕರ್ ತಾನೇ ಪುಸ್ತಕ ಕೈಗೆ ತಗೊಂಡಿದ್ದಾನೆ. ಪೆನ್ ಕಿವಿಗೆ ಸಿಕ್ಕಿಸಿಕೊಂಡು ಟೇಬಲ್ ಸುತ್ತ ಓಡಾಡುತ್ತಾನೆ. ಇಲ್ಲಿವರೆಗೆ 149 ಫ್ರೇಮ್ ದಾಖಲಾಗಿವೆ.

ಸೀರೆ ಅಂಗಡಿ ಅಣ್ಣ ತನ್ನನ್ನು ತಾನೇ 400ಕ್ಕೆ ಹಾಕಿಕೊಂಡಿದ್ದರು, ಈಗ 436. ಮೆಡಿಕಲ್ ಹುಡುಗನನ್ನು 300ಕ್ಕೆ ಇಟ್ಟಿದ್ದೆವು, 352 ಆಗಿದ್ದಾನೆ. ಅವನು ಮೋಸ ಮಾಡಿದ್ದಲ್ಲ. ನಾವೇ ಅವನನ್ನು ಕಡಿಮೆ ಅಂದುಕೊಂಡಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಇಪ್ಪತ್ತು ವರ್ಷದಿಂದ ಆಡುವವರು, 500ರಿಂದ 458ಕ್ಕೆ ಇಳಿದಿದ್ದಾರೆ. ಅವರಿಗೆ ಬೇಜಾರಾಗಬಹುದು ಎಂದು ನನಗೆ ಹೆದರಿಕೆ ಇತ್ತು. ಪುಸ್ತಕ ಇಸ್ಕೊಂಡು ಕನ್ನಡಕ ಏರಿಸಿ ಪ್ರತಿ ಸಾಲು ಓದಿದರು. ಒಂದು ಗೀಟಿನ ಮೇಲೆ ಬೆರಳಿಟ್ಟು "ಇದು ನಾನು ಬ್ಲ್ಯಾಕ್ ಜೊತೆ ವೈಟ್ ಕೂಡ ಒಳಗೆ ಹಾಕಿದ ಫ್ರೇಮು" ಅಂದರು. ಪುಸ್ತಕ ವಾಪಸ್ ಕೊಟ್ಟು, ಬೆಳಿಗ್ಗೆ ಏಳಕ್ಕೇ ಬಂದು ಪ್ರಾಕ್ಟೀಸ್ ಮಾಡಲು ಬಾಗಿಲು ತೆಗೆಯುತ್ತೀರಾ ಎಂದು ಪಾರ್ಲರ್‌ನವರನ್ನು ಕೇಳಿದರು.

ಹೋದ ವರ್ಷ ಆಟ ಬಿಟ್ಟಿದ್ದ ಇಬ್ಬರಲ್ಲಿ ಒಬ್ಬ ಮೂರನೇ ವಾರ ಬಂದು ನೋಡಿಕೊಂಡು ಹೋದ. ಪುಸ್ತಕದಲ್ಲಿ ಹದಿನೈದನೇ ಹೆಸರು ಅವನದ್ದು, 300.

ಮುಂದಿನ ಭಾನುವಾರ ಮೆಡಿಕಲ್ ಹುಡುಗ ಮತ್ತು ಹಿರಿಯರು ಮೊದಲ ಸಲ ಎದುರಾಗುತ್ತಿದ್ದಾರೆ. ಮೊದಲ ವಾರವೇ ಆಡಿದ್ದರೆ 6-2 ಇಡಬೇಕಿತ್ತು. ಈಗ ಅಂತರ 106, ಹಾಗಾಗಿ 5-3. ಒಳಗಿನ ಟೇಬಲ್, ಬೆಳಿಗ್ಗೆ ಒಂಬತ್ತಕ್ಕೆ. ಗಂಗಾವತಿ ಅಕ್ಕ ಅವತ್ತೇ ಬರುವುದಾದರೆ ಹನ್ನೊಂದರ ಸ್ಲಾಟ್ ಅವರಿಗೆ ಇಟ್ಟಿದ್ದೇನೆ.

ಗಂಗಾವತಿ ಅಕ್ಕ

ಬರುತ್ತಿದ್ದೇನೆ. ನನ್ನನ್ನು 400ಕ್ಕೆ ಬರೆದುಕೊಳ್ಳಿ, ಉಳಿದಿದ್ದನ್ನು ಪುಸ್ತಕ ನೋಡಿಕೊಳ್ಳಲಿ.